ತೂಕ ಎಲ್ಲಿಗೆ ಹೋಯಿತು, ಕೇಳಿ

ಹೊಸಪೇಟೆ, ಸಂಡೂರು, ಕಂಪ್ಲಿ, ಕಮಲಾಪುರದ ಕಡೆಯ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ



ನಿಮ್ಮಲ್ಲಿ ಕೆಲವರು ಸಿವಿಲ್, ಕೆಲವರು ಮೆಕ್ಯಾನಿಕಲ್, ಇನ್ನು ಕೆಲವರು ಬಿ.ಎಸ್ಸಿ., ಬಿ.ಕಾಂ. ಓದುತ್ತಿದ್ದೀರಿ. ಕೊನೆಯ ವರ್ಷ ಬಂತೆಂದರೆ ಪ್ರಾಜೆಕ್ಟಿಗೆ ವಿಷಯ ಹುಡುಕುವ ಓಡಾಟ ಶುರುವಾಗುತ್ತದೆ. ಸುಸ್ಥಿರ ಅಭಿವೃದ್ಧಿ ಎಂಬ ವಿಷಯ ಪಾಲಿಗೆ ಬಂದವರು ಬಹುಮಟ್ಟಿಗೆ ಒಂದು ಪೋಸ್ಟರ್, ನಾಲ್ಕು ಘೋಷಣೆ, ಸಸಿ ನೆಡುವ ಒಂದು ಫೋಟೊದಲ್ಲಿ ಅದನ್ನು ಮುಗಿಸಿ ಕೈತೊಳೆದುಕೊಳ್ಳುತ್ತಾರೆ. ತಪ್ಪು ನಿಮ್ಮದೆಂದು ಹೇಳಲಾರೆ, ನಿಮ್ಮ ಕೈಗೆ ಕೊಟ್ಟ ಪಠ್ಯವೇ ಹಾಗಿದೆ. ಆದರೆ ಘೋಷಣೆಯ ಜಾಗದಲ್ಲಿ ತಕ್ಕಡಿ ಇಟ್ಟುಕೊಂಡ ಒಂದು ವಿದ್ಯೆ ಇದೆ. ಅದನ್ನು ಕಲಿಯಲು ನೀವಿರುವ ಊರುಗಳಿಗಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಮೆಟೀರಿಯಲ್ ಫ್ಲೋ ಅನಾಲಿಸಿಸ್ ಎಂದು ಅದನ್ನು ಕರೆಯುತ್ತಾರೆ. ವಸ್ತು ಹರಿವಿನ ಲೆಕ್ಕ ಎನ್ನೋಣ.

ಅದರ ಮೂಲ ಸೂತ್ರ ಒಂದೇ ಸಾಲಿನದು. ಒಂದು ಜಾಗಕ್ಕೆ ಗಡಿ ಹಾಕಿಕೊಳ್ಳಿ. ಒಳಗೆ ಬಂದ ತೂಕ ಒಂದೋ ಹೊರಗೆ ಹೋಗಿರಬೇಕು, ಇಲ್ಲವೇ ಒಳಗೇ ಉಳಿದಿರಬೇಕು. ಮೂರನೆಯ ದಾರಿಯಿಲ್ಲ. ಕಿರಾಣಿ ಅಂಗಡಿಯವರು ವರ್ಷದ ಕೊನೆಗೆ ತೆಗೆಯುವ ದಾಸ್ತಾನಿನ ಲೆಕ್ಕವೂ ಇದೇ. ವ್ಯತ್ಯಾಸವೆಂದರೆ ಅಂಗಡಿಯವರು ರೂಪಾಯಿಯಲ್ಲಿ ಬರೆಯುತ್ತಾರೆ, ಇಲ್ಲಿ ಕಿಲೋ ಮತ್ತು ಟನ್ನಿನಲ್ಲಿ ಬರೆಯಬೇಕು. ರೂಪಾಯಿಯ ಬೆಲೆ ಏರುತ್ತದೆ, ಇಳಿಯುತ್ತದೆ, ಕಾಗದದ ಮೇಲೆ ಹುಟ್ಟುತ್ತದೆ, ಕಾಗದದ ಮೇಲೇ ಸಾಯುತ್ತದೆ. ಕಬ್ಬಿಣದ ಒಂದು ಕಿಲೋಗೆ ಆ ಸೌಲಭ್ಯವಿಲ್ಲ.

ಈ ಲೆಕ್ಕಕ್ಕೆ ಹಳೆಯದೊಂದು ಉದಾಹರಣೆ ಇದೆ. ಇಟಲಿಯ ಪಡುವಾ ಊರಿನಲ್ಲಿ ಸಾಂಟೋರಿಯೊ ಎಂಬ ವೈದ್ಯನಿದ್ದ. ದೊಡ್ಡ ತಕ್ಕಡಿಗೆ ಕುರ್ಚಿ ತೂಗುಹಾಕಿ, ಅದರಲ್ಲಿ ಕೂತು, ತಿಂದದ್ದು ಕುಡಿದದ್ದು ವಿಸರ್ಜಿಸಿದ್ದು ಎಲ್ಲವನ್ನೂ ಮೂವತ್ತು ವರ್ಷದಷ್ಟು ಕಾಲ ತೂಗಿದ. 1614ರಲ್ಲಿ ಆ ಫಲಿತಾಂಶವನ್ನು ಪುಸ್ತಕ ಮಾಡಿದ. ಒಳಗೆ ಹೋದದ್ದಕ್ಕೂ ಕಣ್ಣಿಗೆ ಕಾಣುವಂತೆ ಹೊರಗೆ ಬಂದದ್ದಕ್ಕೂ ತಾಳೆಯಾಗಲಿಲ್ಲ, ದೊಡ್ಡ ಪಾಲು ಕಾಣೆಯಾಗಿತ್ತು. ಚರ್ಮದಿಂದ, ಉಸಿರಿನಿಂದ ಕಾಣದಂತೆ ಹೋಗುವ ತೇವಕ್ಕೆ ಲೆಕ್ಕ ಸಿಕ್ಕಿದ್ದು ಆ ವ್ಯತ್ಯಾಸದಿಂದ. ಈಗಿನ ಕಾಲದಲ್ಲಿ ಈ ವಿದ್ಯೆಗೆ ಕೈಪಿಡಿ ಬರೆದ ವಿಯೆನ್ನಾದ ಪಾಲ್ ಬ್ರೂನ್ನರ್ ಮತ್ತು ಹೆಲ್ಮುಟ್ ರೆಖ್‌ಬರ್ಗರ್ ಸಾಂಟೋರಿಯೊನನ್ನು ತಮ್ಮ ಪೂರ್ವಿಕರಲ್ಲಿ ಒಬ್ಬನೆಂದೇ ನೆನೆಯುತ್ತಾರೆ. ಅವನಿಂದ ನಾವು ಕಲಿಯಬೇಕಾದದ್ದು ಇಷ್ಟು: ಲೆಕ್ಕ ಹೊಂದದಿದ್ದಾಗ ಗಾಬರಿಯಿಂದ ಅಂಕಿ ತಿದ್ದಬೇಡಿ. ಹೊಂದದ ಜಾಗದಲ್ಲೇ ಸುದ್ದಿ ಇರುತ್ತದೆ.

ಈ ಮಾತಿಗೆ ಸಾಕ್ಷಿ ಬೇಕೆಂದರೆ ಪಡುವಾಗೆ ಹೋಗಬೇಕಿಲ್ಲ. ನಿಮ್ಮ ತಾಯ್ತಂದೆಯರನ್ನು ಕೇಳಿ. ಬೀಜಿಂಗ್ ಒಲಿಂಪಿಕ್ಸಿನ ಆಸುಪಾಸಿನ ವರ್ಷಗಳಲ್ಲಿ ಚೀನಾಕ್ಕೆ ಎಷ್ಟು ಉಕ್ಕಾದರೂ ಸಾಲದಾಗಿತ್ತು. ಸಂಡೂರು, ಹೊಸಪೇಟೆಯ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರದ ದಾರಿಯಾಗಿ ಅಂಕೋಲಾದ ಬೇಲೆಕೇರಿ ಬಂದರಿಗೆ ಹಗಲೂ ರಾತ್ರಿ ಹರಿದವು. ರಸ್ತೆಬದಿಯ ಬೇವಿನ ಎಲೆ ಕೆಂಪಾಯಿತು, ಮೆಣಸಿನ ಗಿಡ ಕೆಂಪಾಯಿತು, ಒಣಹಾಕಿದ ಬಟ್ಟೆ ಕೆಂಪಾಯಿತು. ಕಣ್ಣಿದ್ದವರೆಲ್ಲ ಇದು ಮಿತಿ ಮೀರಿದೆ ಎನ್ನುತ್ತಿದ್ದರು. ಆದರೆ ಎಷ್ಟು ಮೀರಿದೆ ಎಂದು ಹೇಳುವ ಅಂಕಿ ಯಾರ ಕೈಯಲ್ಲೂ ಇರಲಿಲ್ಲ. ಅಂಕಿ ಇಲ್ಲದ ದೂರನ್ನು ಕಚೇರಿಗಳು ಗಾಳಿಗೆ ತೂರುವುದು ಹೊಸತೇನಲ್ಲ.

ಆ ಅಂಕಿ ಕೊಟ್ಟದ್ದು ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರ ವರದಿ. ಮೊದಲ ಭಾಗ 2008ರ ಡಿಸೆಂಬರಿನಲ್ಲಿ ಬಂತು, ಎರಡನೆಯದು 2011ರ ಜುಲೈ 27ರಂದು. ಅರಣ್ಯ ಸೇವೆಯ ಅಧಿಕಾರಿ ಡಾ. ಯು.ವಿ. ಸಿಂಗ್ ಅವರ ತಂಡ ದುಡಿದು ಸಿದ್ಧಪಡಿಸಿದ ವರದಿ ಅದು. ಅದನ್ನು ರಾಜಕೀಯದ ಸ್ಫೋಟಕ ಎಂದೇ ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ, ಮುಖ್ಯಮಂತ್ರಿಯ ಕುರ್ಚಿಯೇ ಅಲುಗಿತು ಎಂಬುದೂ ನಿಜ. ನೀವು ಮಾತ್ರ ಅದನ್ನು ವಿಧಾನಕ್ಕಾಗಿ ಓದಿ. ಒಂದು ಕಡೆ ಗಣಿ ಇಲಾಖೆ ಕೊಟ್ಟ ಪರ್ಮಿಟ್ಟುಗಳ ತೂಕ. ಇನ್ನೊಂದು ಕಡೆ ಬಂದರುಗಳಲ್ಲಿ ಹಡಗು ಹತ್ತಿದ ಅದಿರಿನ ತೂಕ. ಒಂದೇ ಮಣ್ಣು, ಒಂದೇ ದಾರಿ. ಎರಡು ತುದಿಯ ಅಂಕಿಗಳು ತಾಳೆಯಾಗಬೇಕಿತ್ತು, ಆಗಲಿಲ್ಲ. 2006ರಿಂದ 2010ರವರೆಗಿನ ಅವಧಿಯಲ್ಲಿ ಸುಮಾರು 2.98 ಕೋಟಿ ಟನ್ ಅದಿರು ಪರ್ಮಿಟ್ ಇಲ್ಲದೆ ಹಡಗು ಹತ್ತಿತ್ತು. ಹಾಗೆ ಹೋದ ಅದಿರಿನ ಬೆಲೆಯನ್ನು ವರದಿ 12,228 ಕೋಟಿ ರೂಪಾಯಿ ಎಂದು ಕಟ್ಟಿತು. ಆ ಅದಿರನ್ನು ಒಂದು ಲಾರಿಗೆ 16 ಟನ್ನಿನಂತೆ ಹಿಡಿದರೂ 18 ಲಕ್ಷ ಲಾರಿಗೂ ಹೆಚ್ಚು. ಇಷ್ಟು ಲಾರಿ ಚೆಕ್‌ಪೋಸ್ಟುಗಳ ಮುಂದೆ ಹಾದುಹೋದವು, ಪುಸ್ತಕದಲ್ಲಿ ಮಾತ್ರ ಹಾದುಹೋಗಿರಲಿಲ್ಲ.

ವಸ್ತು ಹರಿವಿನ ಲೆಕ್ಕ ಎಂಬ ಹೆಸರು ಆ ವರದಿಯ ಸುದ್ದಿಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ನನ್ನ ಮಟ್ಟಿಗೆ ಕನ್ನಡ ನಾಡಿನಲ್ಲಿ ನಡೆದ ಅತಿ ದೊಡ್ಡ ವಸ್ತು ಹರಿವಿನ ಲೆಕ್ಕ ಅದೇ. ಬೇಲೆಕೇರಿಯ ಕತೆ ಅದಕ್ಕೊಂದು ಅನುಬಂಧದ ಹಾಗಿದೆ: 2010ರಲ್ಲಿ ಅಲ್ಲಿ ಅರಣ್ಯ ಇಲಾಖೆ ಲಕ್ಷಗಟ್ಟಲೆ ಟನ್ ಅದಿರನ್ನು ವಶಪಡಿಸಿಕೊಂಡಿತು, ಆಮೇಲೆ ಹೋಗಿ ನೋಡಿದರೆ ವಶದಲ್ಲಿದ್ದ ರಾಶಿಯೇ ಕರಗಿತ್ತು. ದಾಸ್ತಾನು ಎಂದು ಪುಸ್ತಕದಲ್ಲಿ ಬರೆದ ಮಾತ್ರಕ್ಕೆ ಅದು ಅಲ್ಲಿ ಇರುವುದಿಲ್ಲ, ಹೋಗಿ ಅಳೆಯಬೇಕು.

ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಅಕ್ರಮ ಗಣಿಗಾರಿಕೆಯ ವಿರುದ್ಧ 2009ರಲ್ಲೇ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತ್ತು. ವರದಿ ಬಂದ ಎರಡೇ ದಿನಕ್ಕೆ, 2011ರ ಜುಲೈ 29ರಂದು, ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಆಗಸ್ಟಿನಲ್ಲಿ ಚಿತ್ರದುರ್ಗ, ತುಮಕೂರಿಗೂ ಅದೇ ಆಯಿತು. 2013ರಲ್ಲಿ ಮತ್ತೆ ಬಿಟ್ಟಾಗ ಟನ್ನಿನ ಮಿತಿ ಹಾಕಿಯೇ ಬಿಟ್ಟರು: ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್, ಉಳಿದ ಎರಡು ಜಿಲ್ಲೆ ಸೇರಿ 50 ಲಕ್ಷ ಟನ್. 2017ರಲ್ಲಿ ಬಳ್ಳಾರಿಯ ಮಿತಿ 2.8 ಕೋಟಿ ಆಯಿತು, 2022ರಲ್ಲಿ 3.5 ಕೋಟಿ. ನ್ಯಾಯಾಲಯವೊಂದು ಪರಿಸರದ ಮಾತನ್ನು ಟನ್ನಿನ ಭಾಷೆಯಲ್ಲಿ ಆಡಿದ ಅಪರೂಪದ ಸಂದರ್ಭ ಇದು. ಮಿತಿ ಪ್ರತಿಸಲವೂ ಮೇಲಕ್ಕೇ ಹೋಗಿದೆ ಎಂಬುದನ್ನೂ ನೀವು ಗಮನಿಸಿರಬೇಕು.

ಗುಡ್ಡದಿಂದ ಹೊರಟ ಅದಿರಿನ ಒಂದು ಪಾಲು ಈಗ ದೂರ ಹೋಗುವುದಿಲ್ಲ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಸೇರುತ್ತದೆ. ಲಾರಿ ಬಿಟ್ಟು ಕನ್ವೇಯರಿನಲ್ಲೂ ಹೋಗುತ್ತದೆ. ಅಲ್ಲಿ ಒಂದು ಒಳ್ಳೆಯ ಪ್ರಶ್ನೆ ಕಾದಿದೆ. ಒಂದು ಟನ್ ಉಕ್ಕಿಗೆ ಸುಮಾರು ಒಂದೂವರೆ ಟನ್ ಅದಿರು, ಮುಕ್ಕಾಲು ಟನ್ನಿನಷ್ಟು ಕಲ್ಲಿದ್ದಲು, ಸ್ವಲ್ಪ ಸುಣ್ಣದ ಕಲ್ಲು ಬೇಕು. ಆದರೆ ಚಿಮಣಿಯಿಂದ ಹೋಗುವ ಇಂಗಾಲದ ಡೈಆಕ್ಸೈಡ್ ಒಂದೇ ಎರಡು ಟನ್ನಿಗೂ ಮಿಕ್ಕು. ಮುಕ್ಕಾಲು ಟನ್ ಕಲ್ಲಿದ್ದಲು ಎರಡು ಟನ್ ಅನಿಲ ಆದದ್ದು ಹೇಗೆ? ಒಳಹರಿವಿನ ಪಟ್ಟಿಯಲ್ಲಿ ನೀವು ಗಾಳಿಯನ್ನು ಬರೆಯಲಿಲ್ಲ! ಕುಲುಮೆಗೆ ಊದಿದ ಗಾಳಿಯ ಆಮ್ಲಜನಕ, ಅದಿರಿನೊಳಗೇ ಇದ್ದ ಆಮ್ಲಜನಕ, ಎರಡೂ ಇಂಗಾಲದ ಬೆನ್ನೇರಿ ಹೊರಟವು. ದುಡ್ಡು ಕೊಟ್ಟು ಕೊಳ್ಳದ ವಸ್ತು ಯಾವ ಬಿಲ್ಲಿನಲ್ಲೂ ಇರುವುದಿಲ್ಲ. ಬಿಲ್ಲಿನಿಂದ ಮಾತ್ರ ಲೆಕ್ಕ ಕಟ್ಟುವ ಬಿ.ಕಾಂ. ಗೆಳೆಯರು ಎಡವುವುದು ಇಲ್ಲೇ. ಗಣಿಯಲ್ಲಿ ಅದಿರಿಗಾಗಿ ಅಗೆದು ಬದಿಗೆ ಸುರಿದ ಮೇಲ್ಮಣ್ಣಿನ ಡಂಪುಗಳೂ ಹಾಗೆಯೇ. ಮಾರಾಟವಾಗದ ಮಣ್ಣು ಮಾರುಕಟ್ಟೆಯ ಲೆಕ್ಕಕ್ಕೆ ಬರುವುದಿಲ್ಲ, ಮಳೆಗಾಲದಲ್ಲಿ ಸಂಡೂರಿನ ನಾರಿಹಳ್ಳಕ್ಕೆ ಮಾತ್ರ ತಪ್ಪದೆ ಬರುತ್ತದೆ.

ಹಳ್ಳದ ಮಾತು ಬಂತು, ತುಂಗಭದ್ರಾ ಅಣೆಕಟ್ಟಿನ ಹೂಳನ್ನು ಬಿಡಲಾಗದು. 1953ರಲ್ಲಿ ಜಲಾಶಯದ ಸಾಮರ್ಥ್ಯ 132 ಟಿಎಂಸಿ ಮೀರಿತ್ತು. 2016ರ ಸಮೀಕ್ಷೆ 105.788 ಟಿಎಂಸಿ ಎಂದಿತು. ನಡುವಿನ 26 ಚಿಲ್ಲರೆ ಟಿಎಂಸಿ ಎಂದರೆ 75 ಕೋಟಿ ಘನ ಮೀಟರಿನಷ್ಟು ಹೂಳು. ಮಲೆನಾಡಿನಿಂದ ಹಾವೇರಿ, ದಾವಣಗೆರೆಯವರೆಗಿನ ಹೊಲಗಳ ಮೇಲ್ಮಣ್ಣು ಅಲ್ಲಿ ತಳ ಸೇರಿದೆ. ಆದರೆ 2008ರ ಸಮೀಕ್ಷೆಯ ಅಂಕಿ 100.855 ಟಿಎಂಸಿ. ಎಂಟು ವರ್ಷದಲ್ಲಿ ಜಲಾಶಯ ಐದು ಟಿಎಂಸಿ ದೊಡ್ಡದಾಯಿತೇ? ಹೂಳು ತಾನಾಗಿ ಎದ್ದು ಹೋಗುವುದಿಲ್ಲ. ಅಳತೆಯ ವಿಧಾನ ಬೇರೆಯಾದರೆ ಅಂಕಿಯೂ ಬೇರೆಯಾಗುತ್ತದೆ. ಐದು ಟಿಎಂಸಿ ಎಷ್ಟೋ ಹಳ್ಳಿಗಳ ಎರಡನೇ ಬೆಳೆಯ ನೀರು. ಅಷ್ಟು ನೀರು ಎರಡು ಅಳತೆಗಳ ಅಂತರದಲ್ಲಿ ಅಡಗಿ ಕೂತಿದೆ. ಹಾಗಾಗಿ ನಿಮ್ಮ ಪ್ರಾಜೆಕ್ಟಿನಲ್ಲಿ ಪ್ರತಿ ಅಂಕಿಯ ಪಕ್ಕ ಅದು ತೂಗಿದ್ದೋ, ಕೇಳಿದ್ದೋ, ಅಂದಾಜಿಸಿದ್ದೋ ಎಂದು ಬರೆಯಿರಿ. ದಶಾಂಶದ ನಂತರ ಮೂರು ಸ್ಥಾನ ಬರೆದ ಮಾತ್ರಕ್ಕೆ ಅಂಕಿ ನಿಖರವಾಗುವುದಿಲ್ಲ.

ಇನ್ನು ಗಡಿಯ ವಿಚಾರ.  ನನಗೆ ಇಡೀ ವಿದ್ಯೆಯ ಗುಟ್ಟು ಇಲ್ಲಿದೆ ಅನ್ನಿಸುತ್ತದೆ. 2021ರಲ್ಲಿ ವಿಜಯನಗರ ಜಿಲ್ಲೆ ಆಯಿತು. ಹೊಸಪೇಟೆ, ಹಂಪಿ ಆ ಕಡೆ ಹೋದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಅದಿರು ಒಂದು ಜಿಲ್ಲೆಯಲ್ಲಿ ಹುಟ್ಟಿ ಇನ್ನೊಂದರ ರಸ್ತೆಯಲ್ಲಿ ಧೂಳಾಗುತ್ತದೆ. ಅಣೆಕಟ್ಟು ಒಂದರಲ್ಲಿದೆ, ಅದರ ನೀರಿನ ಗದ್ದೆ ಇನ್ನೊಂದರಲ್ಲಿ. ಜಿಲ್ಲೆಯ ಅಂಕಿಅಂಶ ಪುಸ್ತಕ ಹಿಡಿದು ಕೂತರೆ ಅರ್ಧ ಹರಿವು ನಿಮ್ಮ ಕಣ್ಣಿಗೇ ಬೀಳುವುದಿಲ್ಲ.

ಗಡಿ ಮನುಷ್ಯರನ್ನೂ ಮರೆಮಾಡುತ್ತದೆ. 2011ರ ಜುಲೈ 29 ಎಂದೆನಲ್ಲ, ಗಣಿ ನಿಂತ ದಿನ. ಅದೇ ದಿನ ಹಂಪಿ ಬಜಾರಿನಲ್ಲಿ ಜೆಸಿಬಿಗಳು ಇಳಿದವು. ವಿರೂಪಾಕ್ಷನ ಗೋಪುರದಿಂದ ಎದುರು ಬಸವಣ್ಣನವರೆಗಿನ ರಥಬೀದಿಯ ಸಾಲುಮಂಟಪಗಳಲ್ಲಿ ತಲೆಮಾರುಗಳಿಂದ ಅಂಗಡಿ, ಖಾನಾವಳಿ, ಮನೆ ಮಾಡಿಕೊಂಡವರನ್ನು ಒಕ್ಕಲೆಬ್ಬಿಸಲಾಯಿತು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು, ಒಂದು ದಿನದ ಪುರಸೊತ್ತೂ ಸಿಗದೆ. ಅವರಿಗೆಂದು ಜಾಗ ತೋರಿಸಿದ್ದು ಕಡ್ಡಿರಾಂಪುರದಲ್ಲಿ. ಈಗ ನೀವು ಬಜಾರಿಗಷ್ಟೇ ಗಡಿ ಹಾಕಿ, 2011ಕ್ಕೆ ಮುಂಚೆ ಮತ್ತು ಆಮೇಲೆ ಎಂದು ಲೆಕ್ಕ ಮಾಡಿ. ಒಳಬರುವ ಅಕ್ಕಿ, ತರಕಾರಿ, ಗ್ಯಾಸು ಕಡಿಮೆ. ಹೊರಹೋಗುವ ಮುಸುರೆ, ಕಸ ಕಡಿಮೆ. ಭಲೇ ಸುಸ್ಥಿರತೆ! ಗಡಿಯನ್ನು ಕಡ್ಡಿರಾಂಪುರ ಸೇರುವಷ್ಟು ಹಿಗ್ಗಿಸಿ. ಅದೇ ಜನ, ಅದೇ ಅಕ್ಕಿ, ಅದೇ ಕಸ, ಅದರ ಮೇಲೆ ಹೊಸ ಮನೆಗಳ ಸಿಮೆಂಟು, ಇಟ್ಟಿಗೆ, ಮರಳು, ದಿನಾ ಹೋಗಿಬರುವ ಪೆಟ್ರೋಲು. ಕೆಡವಿದ ಮನೆಗಳ ಕಲ್ಲುಮಣ್ಣು ಬೇರೆ. ಪರಂಪರೆಯ ರಕ್ಷಣೆ ಬೇಡವೆಂದು ನಾನು ಹೇಳುತ್ತಿಲ್ಲ. ಮಂಟಪದ ಕಂಬಕ್ಕೆ ಗಾರೆ ಬಡಿದು ಗೋಡೆ ಕಟ್ಟಿದ್ದು ಸರಿ ಎಂದೂ ಹೇಳುತ್ತಿಲ್ಲ. ಗಡಿಯ ಒಳಗೆ ಬಂದ ಚೊಕ್ಕಟತನದಲ್ಲಿ ಎಷ್ಟು ಪಾಲು ಗಡಿಯ ಹೊರಗೆ ಸಾಗಿಸಿದ ಭಾರ ಎಂದು ಕೇಳುವ ಹಕ್ಕು ಲೆಕ್ಕಿಗನಿಗೆ ಇದೆ ಎಂದಷ್ಟೇ ಹೇಳುತ್ತಿದ್ದೇನೆ.

ಹಾಗೆ ನೋಡಿದರೆ ಹಂಪಿಯ ಹರಿವನ್ನು ಬರೆದಿಟ್ಟವರಲ್ಲಿ ಪರದೇಶದವರೂ ಇದ್ದಾರೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಹೇರು ಹೊತ್ತ ಎತ್ತುಗಳು ಬೀದಿಗಳಲ್ಲಿ ಎಷ್ಟು ತುಂಬಿರುತ್ತಿದ್ದವೆಂದರೆ ಅವು ದಾಟುವ ತನಕ ನಿಲ್ಲಬೇಕು, ಇಲ್ಲವೇ ಬೇರೆ ದಾರಿ ಹಿಡಿಯಬೇಕು ಎಂದು ಬರೆದ. ಸಂಡೂರು ರಸ್ತೆಯಲ್ಲಿ ಅದಿರು ಲಾರಿಗಳ ಹಿಂದೆ ಬಸ್ಸಿನಲ್ಲಿ ಕೂತು ಪರೀಕ್ಷೆ ತಪ್ಪಿಸಿಕೊಂಡ ನಿಮ್ಮ ಅಣ್ಣ ಅಕ್ಕಂದಿರಿಗೆ ಆ ಸಾಲು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಿಮ್ಮ ಕೆಲಸಕ್ಕೆ ಬರೋಣ. ಅದಿರಿನ ಲೆಕ್ಕ ನಿಮ್ಮ ಕೈಗೆ ಎಟುಕದು, ಗಣಿಯ ಗೇಟಿನೊಳಗೆ ಯಾರೂ ಬಿಡುವುದಿಲ್ಲ. ಹಂಪಿ ಬಜಾರು ಎಟುಕುತ್ತದೆ. ರಥಬೀದಿ, ಗುಡಿ, ಹೊಳೆದಂಡೆ, ಹಿಂಬದಿಯ ಜನತಾ ಪ್ಲಾಟು, ಅಷ್ಟಕ್ಕೆ ಗಡಿ ಹಾಕಿ. ಜೊತೆಗೆ ಕಡ್ಡಿರಾಂಪುರವನ್ನು ಬಿಡಬೇಡಿ. ಒಂದು ವಾರ, ಬೆಳಗಿನಿಂದ ರಾತ್ರಿಯವರೆಗೆ, ಟಂಟಂನಲ್ಲಿ, ಬಸ್ಸಿನಲ್ಲಿ, ತಲೆಹೊರೆಯಲ್ಲಿ ಏನು ಬರುತ್ತದೆ? ತೆಂಗಿನಕಾಯಿ, ಬಾಳೆಹಣ್ಣು, ಹೂವು, ಎಳನೀರು, ನೀರಿನ ಬಾಟಲಿ, ಚಿಪ್ಸು, ಮಿರ್ಚಿ ಬಜ್ಜಿಯ ಎಣ್ಣೆ, ಕರ್ಪೂರ, ಗುಡಿಯ ಆನೆಯ ಮೇವು. ಏನು ಹೊರಗೆ ಹೋಗುತ್ತದೆ? ಗುಜರಿಯವರು ಒಯ್ದದ್ದು, ಪಂಚಾಯಿತಿ ಗಾಡಿ ಒಯ್ದದ್ದು, ಹೊಳೆ ಒಯ್ದದ್ದು, ದನ ತಿಂದದ್ದು. ಕರ್ಪೂರ ಗಾಳಿಗೆ ಹೋಯಿತು, ಅದನ್ನೂ ಹೊರಹರಿವಿನಲ್ಲಿ ಬರೆಯಿರಿ. ಎಳನೀರು ಕುಡಿದವರ ಹೊಟ್ಟೆಯಲ್ಲಿ ಹೊಸಪೇಟೆಯ ಬಸ್ಸು ಹತ್ತಿತು, ಅದೂ ಹೊರಹರಿವೇ.

ಎಲ್ಲವನ್ನೂ ತೂಗಲು ಆಗುವುದಿಲ್ಲ, ತೂಗಬೇಕಾಗಿಯೂ ಇಲ್ಲ. ಹತ್ತು ಎಳನೀರು ಬುರುಡೆ ತೂಗಿ ಸರಾಸರಿ ತೆಗೆಯಿರಿ, ಅಂಗಡಿಯವರನ್ನು ದಿನಕ್ಕೆ ಎಷ್ಟು ಖರ್ಚಾಗುತ್ತದೆಂದು ಕೇಳಿ, ಗುಣಿಸಿ. ಆಮೇಲೆ ತಂದು ಹಾಕುವವರನ್ನೂ ಬೇರೆಯಾಗಿ ಕೇಳಿ. ಲೋಕಾಯುಕ್ತರ ತಂಡ ಮಾಡಿದ್ದು ಇದನ್ನೇ: ಒಂದೇ ವಸ್ತುವನ್ನು ಎರಡು ಕಡೆಯಿಂದ, ಒಬ್ಬರಿಗೊಬ್ಬರು ಸಂಬಂಧವಿಲ್ಲದ ಎರಡು ಬಾಯಿಂದ ಕೇಳಬೇಕು. ಗುಜರಿ ಅಂಗಡಿಯವರ ಜೊತೆ ಸ್ನೇಹ ಮಾಡಿಕೊಳ್ಳಿ. ಪ್ಲಾಸ್ಟಿಕ್ಕಿನ ಬಗ್ಗೆ ಅವರಷ್ಟು ಖಚಿತವಾಗಿ ತಿಳಿದವರು ಊರಿನಲ್ಲಿ ಇನ್ನೊಬ್ಬರಿಲ್ಲ, ಏಕೆಂದರೆ ಅವರು ದಿನವೂ ತೂಗುತ್ತಾರೆ. ಯಾವುದನ್ನು ಕೊಳ್ಳುತ್ತಾರೆ, ಯಾವುದನ್ನು ಮುಟ್ಟುವುದೂ ಇಲ್ಲ ಎಂದು ಕೇಳಿದರೆ ಸಾಕು, ನಿಮ್ಮ ಹರಿವಿನ ನಕ್ಷೆಯ ಅರ್ಧ ಬಾಣಗಳು ಸಿಕ್ಕಂತೆ. ಬಾಟಲಿಗೆ ಗಿರಾಕಿ ಇದ್ದಾನೆ. ಚಿಪ್ಸು, ಗುಟ್ಕಾದ ಹೊಳೆಯುವ ಚೀಟಿಗೆ ಇಲ್ಲ. ಕಲ್ಲಿನ ಸಂದಿಯಲ್ಲಿ ಉಳಿಯುವುದು ಯಾವುದೆಂದು ಇನ್ನು ಬೇರೆ ಹೇಳಬೇಕೇ?

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಕುಡಿದು ಬಿಸಾಕಿದ ಎಳನೀರಿನ ಬುರುಡೆ ಒಂದು ಕಿಲೋ ಮೇಲೆ ತೂಗುತ್ತದೆ, ಒಂದು ಲೀಟರಿನ ಖಾಲಿ ಬಾಟಲಿ ಇಪ್ಪತ್ತು ಗ್ರಾಮಿನ ಆಸುಪಾಸು. ತೂಕವನ್ನೇ ನಂಬಿದರೆ ಒಂದು ಎಳನೀರಿನ ಬುರುಡೆ ಐವತ್ತು ಬಾಟಲಿಗಿಂತ ದೊಡ್ಡ ಅಪರಾಧಿ ಆಗಿಬಿಡುತ್ತದೆ. ಬುರುಡೆ ಒಣಗಿದರೆ ಒಲೆಗೆ ಆಗುತ್ತದೆ, ಕೊಳೆತರೆ ಮಣ್ಣಾಗುತ್ತದೆ. ಬಾಟಲಿಗೆ ಎರಡೂ ಇಲ್ಲ. ಆದ್ದರಿಂದ ತೂಕದ ಪಕ್ಕದಲ್ಲಿ ಅದು ಎಷ್ಟು ದಿನ ಉಳಿಯುತ್ತದೆ, ಯಾರ ಮೈಗೆ ತಾಗುತ್ತದೆ ಎಂಬ ಎರಡು ಅಂಕಣ ಹಾಕಿಕೊಳ್ಳಿ. ಈ ವಿದ್ಯೆ ಎಷ್ಟು ಎಂಬುದನ್ನು ಚೆನ್ನಾಗಿ ಹೇಳುತ್ತದೆ. ಅದರಿಂದ ಏನಾಯಿತು, ಯಾರಿಗೆ ಆಯಿತು ಎಂಬುದನ್ನು ತಾನಾಗಿ ಹೇಳುವುದಿಲ್ಲ.

ಕಂಪ್ಲಿಯವರು ಬಜಾರಿನವರೆಗೆ ಬರಬೇಕಿಲ್ಲ, ಅವರ ಊರಿನಲ್ಲೇ ಅಕ್ಕಿ ಗಿರಣಿ, ಆಲೆಮನೆ ಇವೆ. ನೂರು ಕಿಲೋ ಭತ್ತಕ್ಕೆ ಇಪ್ಪತ್ತು ಕಿಲೋದಷ್ಟು ಹೊಟ್ಟು, ಆ ಹೊಟ್ಟು ಉರಿದರೆ ನಾಲ್ಕು ಕಿಲೋದಷ್ಟು ಬೂದಿ. ಆ ಬೂದಿ ಎಲ್ಲಿದೆ? ನೂರು ಕಿಲೋ ಕಬ್ಬಿಗೆ ಬೆಲ್ಲ ಹತ್ತು ಕಿಲೋ ಚಿಲ್ಲರೆ. ಉಳಿದ ತೊಂಬತ್ತು ಕಿಲೋ ಹಬೆ ಎಷ್ಟು, ರಚ್ಚು ಎಷ್ಟು, ಮಡ್ಡಿ ಎಷ್ಟು? ಒಂದು ಮಧ್ಯಾಹ್ನದ ಕೆಲಸ. ಹೊಳೆಯಾಚೆ ಆನೆಗೊಂದಿಯಲ್ಲಿ ಗೊನೆ ಕಡಿದ ಮೇಲೆ ಬಿಸಾಡುವ ಬಾಳೆದಿಂಡಿನ ನಾರಿನಿಂದ ಹೆಣ್ಣುಮಕ್ಕಳು ಚೀಲ, ಬುಟ್ಟಿ ಹೆಣೆದು ಸಂಪಾದಿಸುತ್ತಿದ್ದಾರೆ. ಹೊರಹರಿವು ಎಂದು ಬರೆದದ್ದನ್ನು ಒಳಹರಿವು ಮಾಡಿಕೊಂಡವರು ಅವರು. ದಿಂಡಿನ ಒಟ್ಟು ತೂಕದಲ್ಲಿ ನಾರು ಆಗುವುದು ಎಷ್ಟು ಎಂದು ಅಲ್ಲಿ ಕೇಳಿ ಬನ್ನಿ. ಬಲು ಕಡಿಮೆ ಎಂದು ತಿಳಿದಾಗ ಮರುಬಳಕೆಯ ಬಗ್ಗೆ ಇರುವ ಅತಿಯಾದ ಉತ್ಸಾಹವೂ ಹದಕ್ಕೆ ಬರುತ್ತದೆ.

ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಒಂದು ತೂಗುಕೊಕ್ಕೆ, ಹೆಚ್ಚು ಭಾರವಿದ್ದರೆ ಹೊಸಪೇಟೆಯ ಯಾವುದಾದರೂ ಲಾರಿ ಕಾಟಾ, ಒಂದು ರೂಲ್ಡ್ ನೋಟ್‌ಬುಕ್. ವಿಯೆನ್ನಾ ತಾಂತ್ರಿಕ ವಿಶ್ವವಿದ್ಯಾಲಯ ಸ್ಟ್ಯಾನ್ ಎಂಬ ತಂತ್ರಾಂಶವನ್ನು ಪುಕ್ಕಟೆ ಕೊಡುತ್ತದೆ, ಅಂಕಿಯ ಅನುಮಾನವನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದರೆ ಮೊದಲ ಸಲ ಕೈಯಲ್ಲೇ ಬರೆಯಿರಿ. ಬಿ.ಕಾಂ.ನವರು ಪುಸ್ತಕ ಇಡಲಿ, ಸಿವಿಲ್ಲಿನವರು ತೂಗಲಿ, ಕನ್ನಡ ವಿಶ್ವವಿದ್ಯಾಲಯದ ಗೆಳೆಯರು ಜನರನ್ನು ಮಾತನಾಡಿಸಲಿ. ಸರಿಯಾಗಿ ಕೇಳಬಲ್ಲವರು ಅವರು.

ಚೈತ್ರದಲ್ಲಿ ವಿರೂಪಾಕ್ಷನ ರಥೋತ್ಸವಕ್ಕೆ ಲಕ್ಷದ ಲೆಕ್ಕದಲ್ಲಿ ಜನ ಸೇರುತ್ತಾರೆ. ಅದಕ್ಕೆ ಮುಂಚಿನ ಒಂದು ಸಾಧಾರಣ ವಾರವನ್ನೂ ಜಾತ್ರೆಯ ವಾರವನ್ನೂ ತೂಗಿ, ಎರಡನ್ನೂ ಪಕ್ಕಪಕ್ಕ ಇಡಿ. ಹೊಂದದ ಅಂಕಿಗಳನ್ನು ಅಳಿಸದೆ, ಹೊಂದಲಿಲ್ಲ ಎಂದು ಕೆಂಪು ಶಾಯಿಯಲ್ಲಿ ಬರೆದು, ಒಂದು ಪ್ರತಿಯನ್ನು ಹಂಪಿ ಗ್ರಾಮ ಪಂಚಾಯಿತಿಗೆ, ಒಂದನ್ನು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರಕ್ಕೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮೂರನೆಯ ಪ್ರತಿಯನ್ನು ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿಡಿ. ಮುಂದಿನ ವರ್ಷದವರು ಅಲ್ಲಿಂದ ಶುರುಮಾಡಲಿ.

ನಿಮ್ಮ ಹಿತೈಷಿ